ಕೆಂಪು ನೀರಿನಲ್ಲಿ ನೀಲಿ ಬೆರಳು

ನೂಲಿಗೆ ಬಣ್ಣ ಹಾಕುವವರ ಮನೆಯಲ್ಲಿ ಯಾರ ಕೈಯ ಬಣ್ಣವನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಊಟಕ್ಕೆ ಕೂತರೆ ತಟ್ಟೆಗಳ ಸುತ್ತ ಹಸಿರು ಕೈ, ಕಂದು ಕೈ, ಉಗುರಿನ ಸಂದಿಯಲ್ಲಿ ಹಳದಿ ಹೊಕ್ಕ ಕೈ. ಹಾಗಾಗಿ ಚಿಕ್ಕಮ್ಮನ ಬೆರಳ ತುದಿ ನೀಲಿಗಟ್ಟುವುದನ್ನು ಎರಡು ಚಳಿಗಾಲ ಯಾರೂ ಕಣ್ಣೆತ್ತಿ ನೋಡಲಿಲ್ಲ.

ಮನೆಯ ಹಿಂದೆ ಉದ್ದನೆಯ ಶೆಡ್ಡು. ಅದರ ಒಂದು ತುದಿಗೆ ಒಲೆ, ಒಲೆಯ ಮೇಲೆ ತಾಮ್ರದ ಕೊಪ್ಪರಿಗೆ. ಅಲ್ಲಿ ದೊಡ್ಡಮ್ಮನ ರಾಜ್ಯ. ಇನ್ನೊಂದು ತುದಿಗೆ ತಣ್ಣೀರಿನ ಸಿಮೆಂಟು ತೊಟ್ಟಿ. ಅಲ್ಲಿ ಅವಳ ಓರಗಿತ್ತಿ, ಅಂದರೆ ನಮ್ಮ ಚಿಕ್ಕಮ್ಮ. ಮನೆಯ ಮಕ್ಕಳು ಕರೆದದ್ದನ್ನೇ ಓಣಿಯೂ ಕರೆದು, ಇಬ್ಬರಿಗೂ ಅವೇ ಹೆಸರುಗಳು ನಿಂತುಬಿಟ್ಟಿದ್ದವು. ಕೊಪ್ಪರಿಗೆಯಿಂದ ಬಂದ ನೂಲಿನ ಲಡಿಯನ್ನು ಚಿಕ್ಕಮ್ಮ ತೊಟ್ಟಿಯಲ್ಲಿ ಜಾಲಿಸುತ್ತಿದ್ದಳು. ಎಳೆ ಬೆರಳಿನ ನಡುವೆ ಜಾರುವವರೆಗೂ ಮೇಲೆ ಸಡಿಲ ಬಣ್ಣ ಇದೆ ಎಂದರ್ಥ. ಕಿರ್ರೆಂದು ಹಿಡಿದರೆ ಲಡಿ ಗೆದ್ದಿತು. ರಬ್ಬರ್ ಕೈಗವಸು ಹಾಕಿಕೊಂಡರೆ ಆ ಹಿಡಿತವೇ ತಿಳಿಯದು. ಬಿಸಿನೀರು ಹಾಕಿದರೆ ಕಚ್ಚಿದ ಬಣ್ಣವೂ ಕಳಚಿ ಬರುತ್ತದೆ. ತಣ್ಣೀರು ಮತ್ತು ಬರಿಗೈ, ಅಷ್ಟೇ ದಾರಿ.

ಆ ಸಲ ಚಳಿ ಜೋರಾಗಿದ್ದಾಗ ಬಂದದ್ದೆಲ್ಲ ಕೆಂಪು ನೂಲು. ವಾರವಿಡೀ ತೊಟ್ಟಿಯ ನೀರು ದಾಳಿಂಬೆ ರಸದಂತೆ. ಒಂದು ಬೆಳಿಗ್ಗೆ ಚಿಕ್ಕಮ್ಮ ಲಡಿ ಹಿಂಡುತ್ತ ತನ್ನ ಬೆರಳನ್ನು ನೋಡಿ ನಿಂತಳು.

"ಅಕ್ಕಾ, ನೀಲಿ ಯಾವಾಗ ಹಾಕಿದ್ವಿ ನಾವು?"

"ಹೋದ ತಿಂಗಳು. ಯಾಕೆ?"

"ಮತ್ತೆ ಕೆಂಪು ನೀರಲ್ಲಿ ನನ್ನ ಬೆರಳು ನೀಲಿ ಹೇಗಾಯ್ತು?"

"ನಿನ್ನ ಬೆರಳಿಗೆ ಬೇರೆ ಕೆಲಸ ಇಲ್ಲ. ಹಿಂಡೇ ಸುಮ್ನೆ."

ಸುಮ್ಮನಿರುವುದು ಚಿಕ್ಕಮ್ಮನ ಜಾಯಮಾನದಲ್ಲೇ ಇರಲಿಲ್ಲ. ಚಹಾ ಬಂದಾಗ ಲೋಟವನ್ನು ಎಡಗೈಯಲ್ಲಿ ಮಾತ್ರ ಹಿಡಿದು ಕೂತಳು. ಚಹಾ ಮುಗಿಯುವಷ್ಟರಲ್ಲಿ ಎಡಗೈಯ ನೀಲಿ ಮಾಯ, ಬಲಗೈಯದು ಇದ್ದಲ್ಲೇ ಇತ್ತು. ಎಡಗೈಯನ್ನು ಮತ್ತೆ ತೊಟ್ಟಿಗಿಳಿಸಿದಳು. ನೀಲಿ ಬಂತು.

"ನೋಡಕ್ಕಾ, ಬಿಸಿಗೆ ಹೋಗುತ್ತೆ, ತಣ್ಣಗಾದ್ರೆ ಬರುತ್ತೆ."

"ಕಚ್ಚಾ ಬಣ್ಣ ಕಣೇ. ಅಂಗಡಿಯವನು ಮೋಸ ಮಾಡಿದಾನೆ," ಎಂದು ದೊಡ್ಡಮ್ಮ ನಕ್ಕಳು. ನಗುತ್ತಲೇ ಹತ್ತಿರ ಬಂದು ಓರಗಿತ್ತಿಯ ಮುಖವನ್ನು ಬೆಳಕಿಗೆ ತಿರುಗಿಸಿದವಳ ನಗು ಅಲ್ಲಿಗೇ ನಿಂತಿತು. ಕಿವಿಯ ತುದಿಯೂ ನೀಲಿ. ಕಣ್ಣಿನ ಬಿಳಿಯಲ್ಲಿ ಹಳದಿ ಛಾಯೆ. "ಮೆಟ್ಟಿಲು ಹತ್ತುವಾಗ ಏದುಸಿರು ಬಿಡ್ತೀಯಲ್ಲ, ಸೋಮಾರಿತನ ಅಂದ್ಕೊಂಡಿದ್ದೆ ನಾನು. ಇನ್ನೇನೇನು ಮುಚ್ಚಿಟ್ಟಿದೀಯ?"

ಚಳಿ ಬಿದ್ದ ದಿನ ಮೂತ್ರ ಕಡು ಚಹಾದಂತೆ ಹೋಗುತ್ತದೆ ಎಂಬುದನ್ನು ಚಿಕ್ಕಮ್ಮ ಆಗ ಹೇಳಿದಳು. ಅದನ್ನೂ ಬಣ್ಣದ ಪುಡಿಯ ತಲೆಗೇ ಕಟ್ಟಿದ್ದಳಂತೆ.

ಆಸ್ಪತ್ರೆಗೆ ಗಂಡ ಕರೆದುಕೊಂಡು ಹೋದ. ರಕ್ತ ತೆಗೆದುಕೊಂಡ ಪ್ರಯೋಗಾಲಯದ ಹುಡುಗಿ ಸ್ವಲ್ಪ ಹೊತ್ತಿಗೆ ಹೊರಗೆ ಬಂದು, "ಅಮ್ಮಾ, ಇನ್ನೊಂದು ಸಲ ಕೈ ಕೊಡಿ. ಯಂತ್ರ ಏನೇನೋ ಲೆಕ್ಕ ಹೇಳ್ತಿದೆ," ಎಂದಳು. ಈ ಸಲ ನಳಿಕೆಯನ್ನು ಬಿಸಿನೀರಿನ ಲೋಟದಲ್ಲಿ ಇಳಿಸಿಕೊಂಡು ಹೊರಟಳು.

"ನನ್ನ ರಕ್ತಕ್ಕೇನು ಸ್ನಾನ ಮಾಡಿಸ್ತೀಯೇನಮ್ಮ?"

ಹುಡುಗಿಗೂ ನಗು ಬಂತು. ಮೊದಲ ನಳಿಕೆ ತಂದು ಓರೆ ಮಾಡಿ ತೋರಿಸಿದಳು. ಗಾಜಿನ ಒಳಮೈಗೆ ಕೆಂಪು ಹರಳು ಹರಳಾಗಿ ಅಂಟಿತ್ತು. ಅದನ್ನೇ ಅಂಗೈಯಲ್ಲಿ ಮುಚ್ಚಿ ಹಿಡಿದು, ಆಮೇಲೆ ಬಿಸಿನೀರಲ್ಲಿಟ್ಟು ತೆಗೆದಳು. ಹರಳೆಲ್ಲ ಕರಗಿ ನುಣ್ಣಗೆ ಹರಿಯಿತು. ಚಿಕ್ಕಮ್ಮ ಕಾಯಿಲೆಯನ್ನೇ ಮರೆತಳು.

"ಇನ್ನೊಂದು ಸಲ ತಣ್ಣಗೆ ಮಾಡು, ನೋಡೋಣ."

"ನಿನ್ನ ರಕ್ತ ಅದು ಮಾರಾಯ್ತಿ, ಆಟದ ಸಾಮಾನಲ್ಲ," ಎಂದ ಗಂಡ.

ಡಾಕ್ಟರು ಬಿಡಿಸಿ ಹೇಳಿದರು. ರೋಗದ ಮೇಲೆ ಬೀಳಲೆಂದು ಮೈಯೇ ಸಾಕಿಕೊಂಡ ಕಾವಲುಗಾರರು ರಕ್ತದಲ್ಲಿ ಇರುತ್ತಾರೆ, ಪ್ರತಿಕಾಯ ಎಂದು ಹೆಸರು. ಇವಳ ಕಾವಲುಗಾರರಲ್ಲಿ ಕೆಲವರಿಗೆ ಚಳಿ ತಾಕಿದರೆ ದಿಕ್ಕು ತಪ್ಪುತ್ತದೆ. ಸ್ವಂತ ಕೆಂಪು ಕಣಗಳನ್ನೇ ಹಿಡಿದು ಗುಂಪುಗಟ್ಟಿಸುತ್ತಾರೆ. ಬೆರಳ ತುದಿಯಲ್ಲಿ ರಕ್ತ ಸಾಗದೆ ನೀಲಿ. ಹಾಗೆ ಸಿಕ್ಕಿಬಿದ್ದ ಕಣಗಳು ಒಡೆದು ಹೋಗಿ ಕಣ್ಣು ಹಳದಿ, ಮೂತ್ರ ಕಡು, ರಕ್ತಹೀನತೆ, ಅದರಿಂದ ಏದುಸಿರು. ಇದಕ್ಕೆ ಮೂಲ ಯಾವುದೆಂದು ಇನ್ನಷ್ಟು ಪರೀಕ್ಷೆ ಆಗಬೇಕು, ಹೆಚ್ಚಾದರೆ ಔಷಧವಿದೆ. "ಸದ್ಯಕ್ಕೆ ಮೈ ಬೆಚ್ಚಗಿರಲಿ. ತಣ್ಣೀರಿಗೆ ಮಾತ್ರ ಕೈ ಹಾಕಬೇಡಿ."

ಅಲ್ಲಿಯವರೆಗೆ ಕಣ್ಣರಳಿಸಿ ಕೇಳುತ್ತಿದ್ದವಳ ಮುಖ ಈ ಕೊನೆಯ ಮಾತಿಗೆ ಬಾಡಿತು. ತೊಟ್ಟಿ ಹೋದರೆ ಶೆಡ್ಡೇ ಹೋದಂತೆ.

ಮನೆಯಲ್ಲೂ ಅದೇ ತೀರ್ಮಾನವಾಯಿತು. "ಒಳಗೆ ಶಾಲು ಹೊದ್ದು ಕೂತ್ಕೋ. ಅಡುಗೆ ನೋಡ್ಕೋ. ತೊಟ್ಟಿ ನಾನು ನೋಡ್ತೀನಿ," ಎಂದಳು ದೊಡ್ಡಮ್ಮ.

"ಕೂತ್ಕೊಳ್ಳೋಕೆ ನಾನೇನು ಮಡಕೆಯಾ? ಒಲೆ ನನಗೆ ಕೊಡು. ಅಲ್ಲಿ ಬಿಸಿಗೇನು ಬರವಾ?"

"ಒಲೆಯಾ? ಈ ಮನೆಗೆ ಬಂದಾಗಿಂದ ಅದು ನನ್ನದು. ನನ್ನ ತಾಯಿ ಕೇಳಿದ್ರೂ ಕೊಡ್ತಿರಲಿಲ್ಲ."

ದೊಡ್ಡಮ್ಮ ಎರಡೂ ಕಡೆ ಓಡಾಡಿದಳು. ಅವಳ ಬೆರಳಿಗೆ ಕೊಪ್ಪರಿಗೆಯ ಬಿಸಿ ಗೊತ್ತಿತ್ತೇ ಹೊರತು ಎಳೆಯ ಹಿಡಿತ ಗೊತ್ತಿರಲಿಲ್ಲ. ಅವಳು ಜಾಲಿಸಿದ ನೂಲು ಒಯ್ದಿದ್ದ ನೇಯುವವನು ಕೆಂಪಾದ ಅಂಗೈಯನ್ನೇ ತಂದು ಅವಳ ಮುಂದೆ ಹಿಡಿದ. "ದೊಡ್ಡಮ್ಮಾ, ನೂಲಿಗೆ ಬಣ್ಣ ಹಾಕಿ ಅಂದ್ರೆ ನನಗೇ ಹಾಕಿದೀರಲ್ಲ."

ಅವನು ಹೋದ ಮೇಲೆ ದೊಡ್ಡಮ್ಮ ಬಾಗಿಲಲ್ಲಿ ನಿಂತು, ಯಾರಿಗೂ ಅಲ್ಲ ಎಂಬಂತೆ, "ಎಳೆ ಯಾವಾಗ ಗೆಲ್ಲುತ್ತೆ ಅಂತ ಹೇಳಿಕೊಡೋರು ಬರಬಹುದು. ಒಲೆ ಹತ್ತಿರ ಬೆಚ್ಚಗಿದೆ," ಎಂದಳು.

ಚಿಕ್ಕಮ್ಮ ಶಾಲು ಹೊದ್ದೇ ಬಂದಳು. ಅವಳು ಕೊಪ್ಪರಿಗೆಯಲ್ಲಿ ಕೋಲು ಹಿಡಿದು ತಿರುವಿದ ಮೊದಲ ಲಡಿ ಅಲ್ಲಲ್ಲಿ ಮಚ್ಚೆಯಾಗಿ ಎದ್ದಿತು.

"ನೂಲು ಕೊಟ್ರೆ ಚಿರತೆ ಮಾಡಿದ್ಯಲ್ಲೇ."

"ನೀನು ಜಾಲಿಸಿದ್ದು ನೇಯುವವನ ಕೈಯಲ್ಲಿದೆ, ಹೋಗಿ ನೋಡು."

ತೊಟ್ಟಿಯಿಂದ ಒಬ್ಬಳು ಹೇಳುವುದು, ಒಲೆಯಿಂದ ಇನ್ನೊಬ್ಬಳು ಹೇಳುವುದು, ಹೀಗೆ ಕೂಗಾಟದಲ್ಲೇ ಕೆಲಸ ಕುದುರಿತು. ಮಚ್ಚೆ ನಿಂತ ದಿನ ಚಿಕ್ಕಮ್ಮ ಉಪ್ಪಿನ ಬಟ್ಟಲು ಹಿಡಿದು ಕೇಳಿದಳು: "ಅಕ್ಕಾ, ಕೊಪ್ಪರಿಗೆಗೆ ಉಪ್ಪು ಯಾಕೆ?"

"ಹಾಕ್ಬೇಕು, ಹಾಕ್ತೀವಿ. ನಮ್ಮತ್ತೆ ಹಾಕ್ತಿದ್ರು."

"ಹಾಕದಿದ್ರೆ?"

ಇಷ್ಟು ಕಾಲ ಒಲೆ ಕಾಯ್ದರೂ ಅದನ್ನು ದೊಡ್ಡಮ್ಮ ಕೇಳಿಕೊಂಡಿರಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಒಲೆಯ ಹತ್ತಿರ ಬಂದಳು.

"ಒಂದೇ ಒಂದು ಲಡಿ. ಸಣ್ಣ ಪಾತ್ರೆಯಲ್ಲಿ. ಗಂಡಸರಿಗೆ ಹೇಳ್ಬೇಡ."

ಉಪ್ಪಿಲ್ಲದ ನೀರಿನಲ್ಲಿ ಲಡಿ ಕುದಿಯತೊಡಗಿತು. ಇಬ್ಬರೂ ತಲೆಗೆ ತಲೆ ತಾಗಿಸಿ ಒಳಗೆ ಇಣುಕಿದರು.