ಎಳನೀರಿನಂಥ ಡಾಕ್ಟರು

ಗೆಳೆಯರೇ, ಇವತ್ತು ನಮ್ಮಜ್ಜಿಗೆ ಮತ್ತೆ ಕಣ್ಣು ಕಂಡಿತು! ತುರುವೇಕೆರೆ ಸ್ಕೂಲಿನಲ್ಲಿ ನಡೆದ ಸರ್ಕಾರದ ಕ್ಯಾಂಪಿನಲ್ಲಿ ಎರಡು ಕಣ್ಣಿನ ಪೊರೆಯಲ್ಲಿ ಒಂದನ್ನು ಪುಕ್ಕಟೆಯಾಗಿ ತೆಗೆದಿದ್ದರು. ಬೆಳಿಗ್ಗೆ ಪಟ್ಟಿ ಬಿಚ್ಚಿ ದಪ್ಪ ಕನ್ನಡಕ ಹಾಕಿದರು.

ಅಟ್ಟದ ತೆಂಗಿನಕಾಯನ್ನು ಕಿವಿಯ ಬಳಿ ಅಲ್ಲಾಡಿಸಿಯೇ ಕೊಬ್ಬರಿಯಾಗಿದೆಯೋ ಇಲ್ಲವೋ ಹೇಳುವವಳು ನಮ್ಮಜ್ಜಿ. ಪೊರೆ ತೆಗೆದ ಡಾಕ್ಟರನ್ನೂ ಹಾಗೇ ಅಳೆದಿದ್ದಳಂತೆ. ಈಗ ಅವರ ಎಳೆ ಮುಖ ನೋಡಿ ಅಂದಳು:

“ದನಿ ಕೇಳಿ ಬಲಿತ ಕಾಯಿ ಅಂದ್ಕಂಡಿದ್ದೆ. ಇನ್ನೂ ಎಳನೀರು ಕಣಪ್ಪ ನೀನು! ಮೊದ್ಲೇ ಕಂಡಿದ್ರೆ ಕುಯ್ಯಕ್ಕೆ ಬುಡ್ತಿದ್ನಾ?”

ಡಾಕ್ಟರು ನಕ್ಕರು. “ಹಂಗಾದ್ರೆ ಇನ್ನೊಂದು ಕಣ್ಣು ಏನ್ಮಾಡಣ ಅಜ್ಜಿ?”

ಅಜ್ಜಿ ಅವರ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಲು ಹೋದಳು. “ಕಣ್ಣು ಮುಟ್ಬೇಡಿ!” ಎಂದು ನರ್ಸಮ್ಮ ಕೂಗಿದರು. ಅಜ್ಜಿ ಆ ಕೈಯನ್ನು ಹಣೆಗೆ ಒತ್ತಿಕೊಂಡಳು.

“ಅದ್ನೂ ನೀನೇ ಕುಯ್ಯಪ್ಪ.”

ಮೊದಲ ಕಣ್ಣನ್ನು ಕಾಣದೆ ಕೊಟ್ಟಿದ್ದಳು. ಇದನ್ನು ನೋಡಿಯೇ ಕೊಡುತ್ತಿದ್ದಾಳೆ.