ಮೆಷಿನ್ ಅಕ್ಕ ಅಳಿಸಿದ ವೀಡಿಯೋ

ಅಂಗಡಿಯ ಶಟರ್ ಸೊಂಟದೆತ್ತರಕ್ಕೆ ಮಾತ್ರ ಎತ್ತಿದೆ. ಬೀದಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ, ಪೇಪರ್ ಹಾಕುವವನ ಸೈಕಲ್ಲು ಬಿಟ್ಟರೆ ಬೇರೆ ಸದ್ದಿಲ್ಲ. ಬಗ್ಗಿ ಒಳಗೆ ಹೋದರೆ ಗೋಡೆಯುದ್ದಕ್ಕೂ ಹೊಲಿಗೆ ಮೆಷಿನ್‌ಗಳು. ಕೆಲವಕ್ಕೆ ಚಕ್ರವಿಲ್ಲ, ಕೆಲವಕ್ಕೆ ಹೊಟ್ಟೆಯೇ ಇಲ್ಲ. ನಡುವೆ ಎಣ್ಣೆ ಕುಡಿದು ಕಪ್ಪಾದ ಒಂದು ಮೇಜು. ಅದರ ಮೇಲೆ ಬಿಸ್ಕತ್ ಡಬ್ಬಿಗಳನ್ನು ಪೇರಿಸಿ, ರಬ್ಬರ್ ಬ್ಯಾಂಡ್ ಬಿಗಿದು ನಿಲ್ಲಿಸಿದ ಫೋನು. ಫೋನಿನ ಎದುರು ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿರುವ, ಐವತ್ತು ದಾಟಿದ ಹೆಂಗಸೇ ಮೆಷಿನ್ ಅಕ್ಕ. ಹೊಲಿಗೆ ಮೆಷಿನ್ ರಿಪೇರಿ ಇವರ ಕಸುಬು. ರಿಪೇರಿ ಹೇಗೆಂದು ವೀಡಿಯೋ ಮಾಡಿ ಹಾಕುವುದು ಎರಡು ವರ್ಷದಿಂದ ಅಂಟಿಕೊಂಡ ಇನ್ನೊಂದು ಕಸುಬು.

“ಸೂಜಿ ಹಾಕೋದು ಹೇಗೆ ಅಂತ ನಾನು ಹಿಂದೆ ಒಂದು ವೀಡಿಯೋ ಮಾಡಿದ್ದೆ. ಅದರಲ್ಲಿ ಸ್ವಲ್ಪ ಹೆಚ್ಚು ಕಮ್ಮಿ ಆಗಿತ್ತು...”

“ನಿಲ್ಸಿ, ನಿಲ್ಸಿ,” ಎನ್ನುತ್ತಾರೆ ಫೋನಿನ ಹಿಂದೆ ನಿಂತ ನಾದಿನಿ. “ಹೆಚ್ಚು ಕಮ್ಮಿ ಏನು ಅತ್ತಿಗೆ? ಪೂರ್ತಿ ಉಲ್ಟಾ ಆಗಿತ್ತು ಅನ್ನಿ.”

ಅಕ್ಕ ಗಂಟಲು ಸರಿ ಮಾಡಿಕೊಂಡು ಮತ್ತೆ ಶುರು ಮಾಡುತ್ತಾರೆ. “ಅದರಲ್ಲಿ ಒಂದು ಸಣ್ಣ...” “ಸಣ್ಣದಲ್ಲ!” ಎಂದು ನಾದಿನಿ ಮತ್ತೆ ನಿಲ್ಲಿಸುತ್ತಾರೆ. ಮೆಷಿನ್ನಿನ ಬಗ್ಗೆಯಾದರೆ ಅಕ್ಕನ ಮಾತಿಗೆ ತಡೆಯೇ ಇಲ್ಲ, ಕೇಳುವವರೇ ಸುಸ್ತಾಗಬೇಕು. ಈ ಒಂದು ವಾಕ್ಯ ಮಾತ್ರ ಇವತ್ತು ಬಾಯಿಂದ ಹೊರಡುತ್ತಿಲ್ಲ.

ಹೊರಡದಿರುವುದಕ್ಕೆ ಕಾರಣವಿದೆ. ಇವರ ಚಾನೆಲ್‌ನಲ್ಲಿರುವ ಉಳಿದೆಲ್ಲ ವೀಡಿಯೋಗಳನ್ನು ಸೇರಿಸಿದರೂ ಆ ಸೂಜಿಯ ವೀಡಿಯೋ ಒಂದನ್ನು ನೋಡಿದಷ್ಟು ಜನ ಆಗುವುದಿಲ್ಲ. ಅದನ್ನು ನೋಡಿದವರೇ ಫೋನ್ ಮಾಡುತ್ತಾರೆ, ಬಿಡಿಭಾಗ ಕೇಳುತ್ತಾರೆ, ಕೆಟ್ಟ ಮೆಷಿನ್ನಿನ ತಲೆಯನ್ನು ಪಾರ್ಸಲ್ ಮಾಡಿ ಕಳಿಸುತ್ತಾರೆ. ಅಂಗಡಿಯ ಉಸಿರು ಆಡುತ್ತಿರುವುದೇ ಅದರಿಂದ. ಇವತ್ತು ಸರಿಯಾದ ವೀಡಿಯೋ ತೆಗೆದು, ಹಳೆಯದನ್ನು ಅಳಿಸಿಬಿಡಬೇಕೆಂದು ಅಕ್ಕ ತೀರ್ಮಾನಿಸಿದ್ದಾರೆ. ಅಳಿಸಿದರೆ ಅದರ ಜೊತೆಗೆ ಜನ ಬಂದ ದಾರಿಯೂ ಅಳಿಸಿಹೋಗುತ್ತದೆ. ಹೊಸದು ಮತ್ತೆ ಸೊನ್ನೆಯಿಂದ ನಡೆಯಬೇಕು.

ಅಕ್ಕನ ಅಪ್ಪ ಮೆಷಿನ್ ಮೆಕ್ಯಾನಿಕ್. ಮೂರು ಹೆಣ್ಣುಮಕ್ಕಳಲ್ಲಿ ಅಂಗಡಿಗೆ ಬಂದು ಕೂರುತ್ತಿದ್ದವಳು ಇವಳೊಬ್ಬಳೇ. ಅಪ್ಪ ಹೇಳಿಕೊಡುತ್ತಿದ್ದ ರೀತಿ ಬಹಳ ಸರಳ. “ಹೀಗೆ ಹಿಡಿ, ಹೀಗೆ ತಿರುಗಿಸು, ಹಾಗಲ್ಲ, ಹೀಗೆ” ಅನ್ನುವುದು, ತಪ್ಪಿದರೆ ಕೈಗೆ ಒಂದು ಏಟು. ಮದುವೆಯಾಗಿ ಈ ಊರಿಗೆ ಬಂದಾಗ ಅಕ್ಕ ತಂದದ್ದು ಅಪ್ಪನ ಸ್ಕ್ರೂಡ್ರೈವರ್‌ಗಳ ಪೆಟ್ಟಿಗೆ. ಗಂಡ ಶಾಲಾ ವ್ಯಾನ್ ಓಡಿಸುತ್ತಾರೆ. ಹೆಂಗಸು ಮೆಷಿನ್ ಬಿಚ್ಚುತ್ತಾಳೆಂದು ಮೂಗು ಮುರಿದವರು ಆರು ತಿಂಗಳಲ್ಲಿ ಸಾಲಾಗಿ ನಿಂತರಂತೆ. ಒಂದು ಕಾಲಕ್ಕೆ ದಿನಕ್ಕೆ ಐದಾರು ಮೆಷಿನ್ ಬರುತ್ತಿದ್ದವು. ಈಗ ಒಂದು ಬಂದರೆ ಆ ದಿನ ಚೆನ್ನಾಗಿತ್ತು ಎಂದೇ ಲೆಕ್ಕ.

“ಹಳೇ ಮೆಷಿನ್ ಇರೋರು ಇಲ್ಲ ಅಂತಲ್ಲ ಸಾರ್. ಒಂದೊಂದು ಊರಲ್ಲಿ ಒಬ್ಬೊಬ್ಬರು ಇದ್ದಾರೆ. ಅವರಿಗೆ ನಾನು ಇದ್ದೀನಿ ಅಂತ ಗೊತ್ತಿಲ್ಲ, ನನಗೆ ಅವರು ಎಲ್ಲಿದ್ದಾರೆ ಅಂತ ಗೊತ್ತಿಲ್ಲ,” ಎಂದು ಅಕ್ಕ ಪೇಪರಿಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ವೀಡಿಯೋ ಮಾಡಿ ಎಂದು ತಲೆ ತಿಂದವರು ನಾದಿನಿ. ಇವರು ಟೈಲರ್, ಎರಡು ಬೀದಿ ಆಚೆ ಮನೆ. ಹೊಗಳಿಕೆ ಇವರ ಜಾಯಮಾನದಲ್ಲೇ ಇಲ್ಲ.

ಮೊದಲ ವೀಡಿಯೋದಲ್ಲಿ ಅಕ್ಕ ಎಲ್ಲರಿಗೂ ನಮಸ್ಕಾರ ಹೇಳಿದರು, ಅಪ್ಪನನ್ನು ನೆನೆದರು, ಅಂಗಡಿಯ ಇತಿಹಾಸ ಹೇಳಿದರು, ಗಂಡನಿಗೆ ಧನ್ಯವಾದ ಹೇಳಿದರು. ಮೆಷಿನ್ ಕಾಣಿಸಿಕೊಳ್ಳುವ ಹೊತ್ತಿಗೆ ನೋಡುವವರು ಊಟ ಮಾಡಿ ಕೈ ತೊಳೆದಿದ್ದರು. “ಅತ್ತಿಗೆ, ನೂಲು ಸಿಕ್ಕಾಕ್ಕೊಂಡು ಕೂತಿರೋಳಿಗೆ ನಿಮ್ಮ ಅಪ್ಪನ ಕಥೆ ಯಾಕೆ? ನಿಮ್ಮ ಮುಖನೂ ಬೇಡ, ಕೈ ತೋರಿಸಿ,” ಎಂದರು ನಾದಿನಿ. ಅಕ್ಕ ಎರಡು ದಿನ ಮಾತು ಬಿಟ್ಟಿದ್ದರು. ಮೂರನೆಯ ದಿನದಿಂದ ಫೋನು ಮುಖ ಬಿಟ್ಟು ಕೈ ನೋಡತೊಡಗಿತು.

ಎಡವಟ್ಟುಗಳು ಅಷ್ಟಕ್ಕೇ ನಿಲ್ಲಲಿಲ್ಲ. ಯಾರೋ ಹೇಳಿದರೆಂದು ದುಂಡಗಿನ ದೀಪವೊಂದನ್ನು ತರಿಸಿದರು. ದೀಪ ಝಗಮಗ, ಮಾತು ಮಾತ್ರ ತಲೆಯ ಮೇಲಿನ ಫ್ಯಾನಿನ ಗಾಳಿಯಲ್ಲಿ ಹಾರಿಹೋಗುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾದಿನಿ ಹಾಡಿದ್ದೇ ಹಾಡಿದ್ದು. ಈಗ ದೀಪ ಮೂಲೆ ಸೇರಿದೆ, ಫ್ಯಾನು ಆಫ್, ಪಕ್ಕದ ವೆಲ್ಡಿಂಗ್ ಅಂಗಡಿ ಬಾಗಿಲು ತೆಗೆಯುವ ಮುಂಚೆ ಶೂಟಿಂಗ್ ಮುಗಿಯಬೇಕು. ಒಂದು ತಿಂಗಳ ವೀಡಿಯೋಗಳೆಲ್ಲ ಮಂಜು ಕವಿದಂತೆ ಬಂದವು. ಫೋನ್ ಹಾಳಾಯಿತೆಂದು ಗಂಡ ಮೊಬೈಲ್ ಅಂಗಡಿಗೆ ಒಯ್ದರೆ, ಅಲ್ಲಿಯವನು ಒಂದು ಬಟ್ಟೆ ತೆಗೆದು ಕ್ಯಾಮೆರಾದ ಕಣ್ಣು ಒರೆಸಿ ವಾಪಸ್ ಕೊಟ್ಟ. ಅಕ್ಕನ ಬೆರಳಿನ ಎಣ್ಣೆ ಅಲ್ಲಿ ಪದರ ಕಟ್ಟಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿಯುವುದೆಂದರೆ ಇದೇ ಇರಬೇಕು ಎಂದು ಅಕ್ಕ ಈಗ ನಗುತ್ತಾರೆ.

ಹಿನ್ನೆಲೆಗೆ ಹಾಡು ಹಾಕಿ ಮಾತು ಕೇಳದಂತೆ ಮಾಡಿದ್ದು, ‘ಇದೊಂದು ಮಾಡಿದರೆ ನಿಮ್ಮ ಮೆಷಿನ್ ಕಥೆ ಮುಗಿಯಿತು!’ ಎಂದು ಗಂಡನ ಸಲಹೆಯಂತೆ ಶೀರ್ಷಿಕೆ ಕೊಟ್ಟು ಬೈಸಿಕೊಂಡದ್ದು, ಎಷ್ಟು ಜನ ನೋಡಿದರೆಂದು ಐದೈದು ನಿಮಿಷಕ್ಕೆ ಫೋನ್ ತೆಗೆದು ನೋಡಿ ಕೈಯಲ್ಲಿದ್ದ ಕೆಲಸ ಕೆಡಿಸಿಕೊಂಡದ್ದು, ಇವೆಲ್ಲ ಆಗಿದೆ. ಹೊಸದಾಗಿ ವೀಡಿಯೋ ಶುರು ಮಾಡುವವರೆಲ್ಲ ಬೀಳುವ ಗುಂಡಿಗಳೇ ಇವು. ಬಿದ್ದವರು ಎದ್ದು ಮೈ ಕೊಡವಿಕೊಂಡರೆ ಮುಗಿಯಿತು. ಸೂಜಿಯ ವೀಡಿಯೋದಲ್ಲಿ ಆದದ್ದು ಹಾಗಲ್ಲ, ಅಲ್ಲಿ ಬಿದ್ದವರು ಬೇರೆಯವರು.

ಆ ದಿನ ಫೋನ್ ಹಿಡಿಯಲು ಯಾರೂ ಇರಲಿಲ್ಲ. ಗಂಡ ವ್ಯಾನಿನ ಜೊತೆ, ನಾದಿನಿ ಹೊಲಿಗೆಯ ಜೊತೆ. ತೆಗೆಯುವುದು ತನಗೂ ಕಾಣಲಿ ಎಂದು ಅಕ್ಕ ಸೆಲ್ಫಿ ಕ್ಯಾಮೆರಾ ಹಾಕಿಕೊಂಡರು. ಅವರ ಫೋನಿನಲ್ಲಿ ಆ ಕ್ಯಾಮೆರಾ ಕನ್ನಡಿಯ ಹಾಗೆ. ಎಡ ಬಲ ಅದಲುಬದಲಾಗಿ ಕಾಣುತ್ತದೆ, ಹಾಗೆಯೇ ದಾಖಲಾಗುತ್ತದೆ. ಇಡೀ ಮೆಷಿನ್ ಕಂಡಿದ್ದರೆ ಚಕ್ರ ಎಡಕ್ಕೆ ಹೋದದ್ದನ್ನು ಯಾರಾದರೂ ಗುರುತಿಸುತ್ತಿದ್ದರು. ಆದರೆ ಹತ್ತಿರದಿಂದ ತೆಗೆಯಬೇಕೆಂಬ ಪಾಠವನ್ನು ಅಕ್ಕ ಅಷ್ಟರಲ್ಲಿ ಚೆನ್ನಾಗಿ ಕಲಿತಿದ್ದರು. ಚೌಕಟ್ಟಿನೊಳಗೆ ಇದ್ದದ್ದು ಸೂಜಿ ಮತ್ತು ಎರಡು ಬೆರಳು ಮಾತ್ರ.

ಸೂಜಿಯ ತಲೆಯಲ್ಲಿ ಒಂದು ಬದಿ ದುಂಡಗೆ, ಒಂದು ಬದಿ ಚಪ್ಪಟೆ. ಅಕ್ಕ ತೋರಿಸಿದ ಬಗೆಯ ಮೆಷಿನ್‌ನಲ್ಲಿ ಚಪ್ಪಟೆ ಬದಿ ಬಲಕ್ಕಿರಬೇಕು, ನೂಲು ಎಡದಿಂದ ಬಲಕ್ಕೆ ಹೋಗಬೇಕು. ಅಕ್ಕನ ಕೈ ಸರಿಯಾಗಿಯೇ ಹಾಕಿತ್ತು. ವೀಡಿಯೋದಲ್ಲಿ ಮಾತ್ರ ಅದು ತಿರುವುಮುರುವಾಗಿ ಕಂಡಿತು. ಬಾಯಲ್ಲಿ ‘ಬಲಕ್ಕೆ’ ಎಂದು ಹೇಳಿದ್ದರೆ ನೋಡುವವರಿಗೆ ಅನುಮಾನವಾದರೂ ಬರುತ್ತಿತ್ತು. ಆದರೆ ಅಕ್ಕ ಹೇಳಿದ್ದು, “ಹೀಗೆ ಹಿಡೀರಿ, ಹೀಗೆ ಹಾಕಿ, ಹಾಗಲ್ಲ, ಹೀಗೆ.” ಪಕ್ಕದಲ್ಲಿ ಕೂತು ಕಲಿತ ಪಾಠವನ್ನು ಅವರು ಎಲ್ಲೋ ದೂರದಲ್ಲಿರುವವರಿಗೆ ಅದೇ ಮಾತಿನಲ್ಲಿ ಒಪ್ಪಿಸಿದ್ದರು.

ಗೊತ್ತಾದದ್ದು ಒಂದು ಫೋನ್ ಕರೆಯಿಂದ. ಬೇರೆ ಊರಿನ ಟೈಲರ್ ಹೆಂಗಸು, ಮನೆಯಲ್ಲಿ ಇರುವುದು ಒಂದೇ ಮೆಷಿನ್. ಹಾಸ್ಟೆಲ್ ಒಂದರ ದಿಂಬಿನ ಕವರುಗಳ ಹೊಲಿಗೆ ಒಪ್ಪಿಕೊಂಡಿದ್ದರು. ಸೂಜಿ ಬದಲಿಸಿದ ಮೇಲೆ ಹೊಲಿಗೆ ಬಿಟ್ಟು ಬಿಟ್ಟು ಬೀಳತೊಡಗಿತು, ನೂಲು ಕಿತ್ತುಬಂತು. ಬಲವಂತದಿಂದ ಓಡಿಸಿದಾಗ ಸೂಜಿ ಮುರಿದು, ಕೆಳಗೆ ನೂಲನ್ನು ಹಿಡಿಯುವ ಶಟಲ್‌ನ ಮೂತಿಯೂ ಮುಕ್ಕಾಯಿತು. ಹಾಸ್ಟೆಲ್‌ನವರು ಕಾದು ನೋಡಿ ಕೆಲಸವನ್ನು ಬೇರೆಯವರಿಗೆ ಕೊಟ್ಟುಬಿಟ್ಟರು.

“ಅವಳು ಬೈಯಲಿಲ್ಲ ಸಾರ್,” ಎನ್ನುತ್ತಾರೆ ಅಕ್ಕ. “ಅಕ್ಕ, ನೀವು ಹೇಳಿದ ಹಾಗೇ ಮಾಡಿದೆ, ನನ್ನ ಕೈಲೇ ಏನೋ ತಪ್ಪಾಗಿದೆ ಅಂದ್ಲು. ಫೋನಲ್ಲಿ ಮೆಷಿನ್ ತೋರಿಸಮ್ಮ ಅಂದೆ. ನೋಡ್ತೀನಿ, ಸೂಜಿ ಉಲ್ಟಾ ಇದೆ! ಯಾರಮ್ಮ ನಿನಗೆ ಹೀಗೆ ಹಾಕೋಕೆ ಹೇಳಿದ್ದು ಅಂತ ಗದರಿಸಿದೆ. ನೀವೇ ಅಕ್ಕ ಅಂದ್ಲು.”

ಅಕ್ಕ ಆಗ ತಮ್ಮ ವೀಡಿಯೋವನ್ನೇ ತೆಗೆದು ನೋಡಿದರು. ಹಾಕುವ ಮುಂಚೆಯೂ ನೋಡಿದ್ದರು. “ದನಿ ಸರಿ ಇದೆಯಾ, ಉಗುರಲ್ಲಿ ಕೊಳೆ ಕಾಣ್ತಿದೆಯಾ, ಅದನ್ನೆಲ್ಲ ನೋಡಿದ್ದೆ. ಸೂಜಿ ನೋಡ್ಲಿಲ್ಲ. ನಾನು ಹಾಕಿದ ಸೂಜಿ ಅಲ್ವಾ, ತಪ್ಪಾಗಿರಕ್ಕೆ ಹೇಗೆ ಸಾಧ್ಯ ಅಂತ.” ಆಮೇಲೆ ಕೆಳಗಿದ್ದ ಕಾಮೆಂಟುಗಳನ್ನು ಓದಿದರು. ನೂಲು ಕಿತ್ತು ಬರ್ತಿದೆ, ಹೊಲಿಗೆ ಕೂರ್ತಿಲ್ಲ ಎಂದು ಹಲವರು ಮೊದಲೇ ಬರೆದಿದ್ದರು. ಅಕ್ಕ ಎಲ್ಲರಿಗೂ ಪ್ರೀತಿಯಿಂದ ಉತ್ತರಿಸಿದ್ದರು: ಒಳ್ಳೆ ನೂಲು ತನ್ನಿ, ಎಣ್ಣೆ ಬಿಡಿ, ನಿಧಾನ ತುಳೀರಿ. “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ನೀವು ನೂಲು ಡೊಂಕು ಅಂದ್ರಿ,” ಎಂದರು ನಾದಿನಿ.

ಆ ಟೈಲರ್ ಹೆಂಗಸಿಗೆ ಅಕ್ಕ ಹೊಸ ಶಟಲ್ ಕಳಿಸಿದರು. ಅದು ತಲುಪಿದ ದಿನ ಫೋನಿನಲ್ಲೇ ಕೂತು, ಒಂದೊಂದು ಸ್ಕ್ರೂ ಹೆಸರಿಟ್ಟು ಹೇಳಿ ಹಾಕಿಸಿದರು. ‘ಹೀಗೆ’ ಎಂಬ ಮಾತು ಬಾಯಿಗೆ ಬಂದಾಗಲೆಲ್ಲ ನಾಲಿಗೆ ಕಚ್ಚಿಕೊಂಡರಂತೆ. ಮೆಷಿನ್ ಓಡಿತು. ಹೋದ ಕೆಲಸ ಮಾತ್ರ ವಾಪಸ್ ಬರಲಿಲ್ಲ.

ಹಳೆಯ ವೀಡಿಯೋ ಏನು ಮಾಡುವುದು ಎಂಬ ಪ್ರಶ್ನೆಗೆ ಮನೆಯಲ್ಲಿ ಮೂರು ಜನಕ್ಕೆ ಮೂರು ಉತ್ತರ. ಹಾಕಿದ ವೀಡಿಯೋ ಒಳಗೆ ಸೂಜಿ ತಿರುಗಿಸಿಡುವ ಅನುಕೂಲವಿಲ್ಲ. ಇಟ್ಟರೆ ಹಾಗೇ ಇಡಬೇಕು, ಇಲ್ಲವೇ ಅಳಿಸಬೇಕು. “ಕೆಳಗೆ ಒಂದು ಸಾಲು ಬರೆದು ಹಾಕಿದ್ರೆ ಆಗಲ್ವಾ? ಹಣ್ಣು ಬಿಡೋ ಮರನೇ ಕಡಿಬೇಕಾ?” ಎಂದರು ಗಂಡ. ಅವರ ಮಾತಿನಲ್ಲೂ ಹುರುಳಿದೆ, ವ್ಯಾನೊಂದರಿಂದಲೇ ಮನೆ ನಡೆಯುವುದಿಲ್ಲ. “ಕೆಳಗೆ ಬರೆದಿದ್ದು ಯಾರು ಓದ್ತಾರೆ? ಅವರ ಎರಡೂ ಕೈ ಸೂಜಿ ಮೇಲಿರುತ್ತೆ ಕಣ್ರೀ,” ಎಂದರು ಅಕ್ಕ. ನಾದಿನಿಯದು ಬೇರೆ ತಕರಾರು. ಅಳಿಸಿ, ಆದರೆ ಹೊಸದನ್ನು ತಪ್ಪೊಪ್ಪಿಗೆಯಿಂದ ಶುರು ಮಾಡಬೇಡಿ, ಮೊದಲ ಹತ್ತು ಸೆಕೆಂಡಿನಲ್ಲಿ ಕೆಲಸ ಕಾಣದಿದ್ದರೆ ಜನ ಎದ್ದು ಹೋಗುತ್ತಾರೆ ಎಂದರು. ಎದ್ದು ಹೋಗಲಿ, ಮೊದಲು ಅದೇ ಹೇಳಬೇಕು ಎಂದು ಅಕ್ಕ ಪಟ್ಟು ಹಿಡಿದರು. ಹಾಗಾದರೆ ಸುತ್ತಿ ಬಳಸದೆ ಹೇಳಿ ಎಂಬ ಷರತ್ತಿನ ಮೇಲೆ ನಾದಿನಿ ಈ ಬೆಳಗ್ಗೆ ಬಂದಿದ್ದಾರೆ.

ಬೀದಿಯಲ್ಲಿ ಹಾಲಿನ ಗಾಡಿ ಹೋಗುವವರೆಗೆ ಕಾಯುತ್ತಾರೆ. ಅಕ್ಕ ಕ್ಯಾಮೆರಾದ ಕಣ್ಣು ಒರೆಸಿ, ಫೋನಿನ ಹಿಂಬದಿಯ ಕ್ಯಾಮೆರಾವನ್ನು ಮೆಷಿನ್ನಿನ ಕಡೆ ತಿರುಗಿಸಿಟ್ಟು, ಮೆಷಿನ್ನಿನ ಚಕ್ರವೂ ಕಾಣುವಷ್ಟು ಹಿಂದೆ ಸರಿಸುತ್ತಾರೆ. ನಾದಿನಿ ಬೆರಳೆತ್ತುತ್ತಾರೆ.

“ಸೂಜಿ ಹಾಕೋದು ಹೇಗೆ ಅಂತ ನಾನು ಮಾಡಿದ ವೀಡಿಯೋ ತಪ್ಪು. ಅದರಲ್ಲಿ ಸೂಜಿ ಉಲ್ಟಾ ಇತ್ತು. ಈಗ ಸರಿಯಾಗಿ ತೋರಿಸ್ತೀನಿ. ಚಕ್ರ ನಿಮ್ಮ ಬಲಗೈ ಕಡೆ ಇರಲಿ. ಸೂಜಿಯ ಚಪ್ಪಟೆ ಬದಿ, ಆ ಚಕ್ರದ ಕಡೆಗೆ.”

ಈ ಸಲ ನಾದಿನಿ ನಿಲ್ಲಿಸುವುದಿಲ್ಲ. ಪಕ್ಕದ ಅಂಗಡಿಯ ಶಟರ್ ಏಳುವ ಹೊತ್ತಿಗೆ ಕೆಲಸ ಮುಗಿದಿದೆ. ಮೂವರೂ ಚಹಾ ಕುಡಿದೆವು. ಹೊಸದು ಹಾಕಿದ್ದಾಯಿತು. ಹಳೆಯದನ್ನು ಅಳಿಸುವಾಗ ‘ಖಚಿತವೇ?’ ಎಂದು ಫೋನ್ ಕೇಳಿತು. ಅಕ್ಕ ಬೆರಳಿನ ಎಣ್ಣೆ ಒರೆಸಿಕೊಂಡು ಹೌದು ಎಂದು ಒತ್ತಿದರು.  ಎದ್ದು ಒಂದು ಮೆಷಿನ್ನಿನ ಹೊಟ್ಟೆ ಬಿಚ್ಚತೊಡಗಿದರು.

ಮೂರು ವಾರ ಬಿಟ್ಟು ಮತ್ತೆ ಹೋಗಿದ್ದೆ. ಗಂಡ ಹೆದರಿದ್ದೇ ಆಗಿದೆ. ಹೊಸ ವೀಡಿಯೋ ನೋಡಿದವರನ್ನು ಒಂದು ಮದುವೆ ಛತ್ರದಲ್ಲಿ ಕೂರಿಸಬಹುದು. ಪಾರ್ಸಲ್ ಬರುವುದು ಕಮ್ಮಿಯಾಗಿದೆ. ಅಕ್ಕ ಈಗ ನೂಲು ಸುತ್ತುವುದು, ಬೆಲ್ಟ್ ಬದಲಿಸುವುದು ಎಂದು ಹಳೆಯ ಪಾಠಗಳನ್ನೆಲ್ಲ ಒಂದೊಂದಾಗಿ ಮತ್ತೆ ತೆಗೆಯುತ್ತಿದ್ದಾರೆ, ಎಡ ಬಲ ಬಾಯಿಬಿಟ್ಟು ಹೇಳಿ. ಬೇಸರವಾಗುವುದಿಲ್ಲವೇ ಎಂದೆ.

“ಜನ ಕಮ್ಮಿ ಆದ್ರು ಅಂತ ಬೇಸರ ಇಲ್ಲ ಸಾರ್, ಬರ್ತಾರೆ ನಿಧಾನಕ್ಕೆ. ನಮ್ಮ ಅಪ್ಪನ ಹತ್ರ ತಪ್ಪು ಕಲಿತಿದ್ರೆ ಎದ್ದು ಹೋಗಿ ಕೇಳ್ತಿದ್ದೆ. ಆ ವೀಡಿಯೋ ನೋಡಿ ಹೋದೋರು ಯಾರನ್ನ ಕೇಳ್ತಾರೆ?” ಎಂದರು. ಕೈ ಕೆಲಸ ಮಾಡುತ್ತಲೇ ಇತ್ತು. “ಮೆಷಿನ್ ಕೆಟ್ಟಿದೆ ಅಂದ್ಕೊಂಡೋರು ಪರವಾಗಿಲ್ಲ, ಯಾರ ಹತ್ರನಾದ್ರೂ ತಗೊಂಡು ಹೋಗ್ತಾರೆ. ನನಗೇ ಹೊಲಿಯೋಕೆ ಬರಲ್ಲ ಅಂದ್ಕೊಂಡು ಮೆಷಿನ್ ಮುಚ್ಚಿಟ್ಟೋರು ಇರ್ತಾರಲ್ಲ, ಅವರದೇ ಯೋಚನೆ. ನನ್ನ ನಂಬರ್ ಪೇಪರಲ್ಲಿ ಹಾಕಿ ಸಾರ್. ಅವರು ಫೋನ್ ಮಾಡಿ ಒಂದು ಸಲ ಚೆನ್ನಾಗಿ ಬೈದುಬಿಡ್ಲಿ.”