ಗೋಡೆಯಾಚೆ ಕೇಳುತ್ತಿದ್ದ ಪಂಪು

ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ತಗಡು ಕತ್ತರಿಸುವ ಪವರ್ ಪ್ರೆಸ್ಸಿನ ಸದ್ದಿನಲ್ಲಿ ದುಡಿದ ಚಿರಂಜೀವಿಗೆ ಐವತ್ತು ದಾಟುವ ಹೊತ್ತಿಗೆ ಕಿವಿ ಪೂರಾ ಹೋಗಿತ್ತು. ಜೊತೆಯವರು ಮೊದಮೊದಲು ಎರಡೆರಡು ಸಲ ಹೇಳುತ್ತಿದ್ದರು. ಆಮೇಲೆ "ಏನಿಲ್ಲ ಬಿಡು ಗುರು" ಅನ್ನತೊಡಗಿದರು. ತುಟಿ ನೋಡಿಯೇ ಆ ಮಾತನ್ನು ಅವನು ತಪ್ಪದೆ ಗುರುತಿಸುತ್ತಿದ್ದ.

ಮಾಲೀಕರು ತಮ್ಮ ಕ್ಯಾಬಿನ್ ಹೊಸದು ಮಾಡಿಸಿದಾಗ ಅಲ್ಲಿದ್ದ ಉಪ್ಪುನೀರಿನ ಅಕ್ವೇರಿಯಂ ಯಾರಿಗೂ ಬೇಡವಾಯಿತು. ಮೀನುಗಳು ಆಗಲೇ ಸತ್ತಿದ್ದವು. ಗಾಜಿಗೆ ಹಿಡಿದ ಪಾಚಿಯನ್ನು ಮೇಯುತ್ತ ಸಮುದ್ರದ ನಾಲ್ಕು ಬಸವನಹುಳು ಮಾತ್ರ ಉಳಿದಿದ್ದವು. ಚಿರಂಜೀವಿ ತೊಟ್ಟಿ, ಪಂಪಿನ ಸಮೇತ ಅವನ್ನು ಆಟೋದಲ್ಲಿ ರಾಜಗೋಪಾಲನಗರದ ತನ್ನ ಒಂದೇ ಕೋಣೆಯ ಬಾಡಿಗೆ ಮನೆಗೆ ತಂದ.

ಆವಿಯಾದಷ್ಟು ಸಿಹಿನೀರನ್ನು ದಿನವೂ ಸೇರಿಸದಿದ್ದರೆ ಉಪ್ಪು ಏರುತ್ತಿತ್ತು. ಗಾಜಿನಿಂದ ಜಾರಿ ಮರಳಿನ ಮೇಲೆ ಮಗುಚಿ ಬಿದ್ದ ಹುಳು ತಾನಾಗಿ ಹೊರಳಲಾರದೆ ಹಾಗೇ ಸತ್ತುಹೋಗಬಹುದಿತ್ತು. ಅದಕ್ಕೇ ಕೆಲಸಕ್ಕೆ ಹೊರಡುವ ಮುಂಚೆ ಒಮ್ಮೆ, ಬಂದ ಮೇಲೊಮ್ಮೆ ನೀರಿಗೆ ಕೈ ಹಾಕಿ ಬಿದ್ದಿದ್ದನ್ನು ಎತ್ತಿ ಕೂರಿಸುತ್ತಿದ್ದ. ತಂಗಿ ಯಮುನಾ ಹಬ್ಬಕ್ಕೆ ಕರೆದಾಗ "ಹುಳ ಬಿಟ್ಟು ಬರಕ್ಕಾಗಲ್ಲ ಕಣಮ್ಮ" ಎಂದು ಮೆಸೇಜ್ ಹಾಕಿದ. ಮುಂದಿನ ವರ್ಷ ಅವಳು ಕರೆಯಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಕಾಫಿಗೆ ನೀರಿಡುತ್ತಿದ್ದಾಗ ಯಾರೋ ಭುಜ ತಟ್ಟಿದರು. ಪಕ್ಕದ ಕೋಣೆಯ ಬಸಕ್ಕ. ಯಾದಗಿರಿ ಕಡೆಯವಳು, ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಎರಡು ವರ್ಷದಲ್ಲಿ ಇಬ್ಬರ ನಡುವೆ ತಲೆಯಾಡಿಸುವುದರಾಚೆ ಏನೂ ನಡೆದಿರಲಿಲ್ಲ. ಬಾಗಿಲು ಬಡಿದು ಬಡಿದು ಸಾಕಾಗಿ ಒಳಗೇ ಬಂದಿದ್ದಳು. ಅವನು ತುಟಿ ನೋಡುವಂತೆ ಬಿಡಿಸಿ ಹೇಳಿದಳು:

"ಸದ್ದು ನಿಂತೈತ್ರಿ ಅಣ್ಣಾರ. ದಿನಾ ಗುಂಯ್ ಅಂತಿತ್ತು."

ಅವನು ಗಾಜಿಗೆ ಬೆರಳಿಟ್ಟ. ಅದುರುತ್ತಿರಲಿಲ್ಲ. ನೀರಿಗೆ ಗಾಳಿಯೂದುವ ಪಂಪು ಸುಟ್ಟಿತ್ತು. ಉಸಿರಿಗಾಗಿ ಹುಳುಗಳೆಲ್ಲ ನೀರಿನ ಅಂಚಿಗೆ ಏರಿ ಕೂತಿದ್ದವು. ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಹುಯ್ಯತೊಡಗಿದ.

"ಇವಕ್ಕೆ ಗಾಳಿ ಬೇಕು. ಅಕ್ವೇರಿಯಂ ಅಂಗಡಿ ತೆಗೆಯೋ ತನಕ ಹಿಂಗೇ ಮಾಡ್ತಿರಬೇಕು."

ಸ್ವಲ್ಪ ಹೊತ್ತು ನೋಡಿದ ಬಸಕ್ಕ ಚೊಂಬು ಇಸಿದುಕೊಂಡಳು. "ನೀವು ಹೋಗಿ ಅಂಗಡಿ ಮುಂದ ನಿಂದರ್ರಿ. ನಾ ಹಾಕ್ತೀನಿ."

ಎರಡು ಗಂಟೆ ಬಿಟ್ಟು ಹೊಸ ಪಂಪಿನೊಂದಿಗೆ ಬಂದಾಗ ಅವಳ ಸೀರೆಯ ಮುಂಭಾಗವೆಲ್ಲ ಒದ್ದೆಯಾಗಿತ್ತು; ಇನ್ನೂ ಹುಯ್ಯುತ್ತಲೇ ಇದ್ದಳು. ಒಂದು ಹುಳು ಸತ್ತಿತು, ಮೂರು ಬದುಕಿದವು.

ಅವನು ಕಾಫಿ ಮಾಡಿಕೊಟ್ಟ. ಅವಳು ಏನೇನೋ ಹೇಳಿದಳು, ಅರ್ಧ ತಿಳಿಯಿತು. "ನಿಮ್ಮ ಸದ್ದು ಕೇಳಿದ್ರನ ನಮಗ ನಿದ್ದಿ ಹತ್ತತಿತ್ತು" ಎಂದದ್ದು ಮಾತ್ರ ಚೆನ್ನಾಗಿ ತಿಳಿಯಿತು. ತನ್ನ ಕೋಣೆಯಿಂದ ಸದ್ದು ಬರುತ್ತದೆ, ಅದನ್ನು ಒಬ್ಬರು ದಿನವೂ ಕೇಳುತ್ತಾರೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಎಷ್ಟೋ ದಿನ ಅದನ್ನೇ ನೆನೆದ.

ಹೊಸ ಪಂಪು ಸದ್ದು ಮಾಡುವುದಿಲ್ಲವೆಂದು ಬಸಕ್ಕನೇ ಕೈಸನ್ನೆಯಲ್ಲಿ ಹೇಳಿದಳು. ಮೂರು ತಿಂಗಳಿಗೆ ಅವಳ ಕೆಲಸ ಬೇಗೂರಿನ ಕಡೆಗೆ ಹೋಯಿತು, ಸಂಸಾರವೂ ಅತ್ತ ಹೋಯಿತು. ಆ ಕೋಣೆಗೆ ರಾತ್ರಿ ಪಾಳಿಯ ನರ್ಸೊಬ್ಬಳು ಬಂದಳು.

ಚಿರಂಜೀವಿ ಅಕ್ವೇರಿಯಂ ಅಂಗಡಿಗೆ ಹೋಗಿ, ಅಂಗಡಿಯ ಮಾಲಾಳನ್ನು ಕೇಳಿದ: "ಸದ್ದು ಮಾಡೋ ಪಂಪ್ ಇದ್ಯಾ ಮೇಡಂ?"

"ಎಲ್ರೂ ಸದ್ದಿಲ್ದೇ ಇರೋದು ಕೇಳ್ತಾರೆ ಸಾರ್," ಎಂದವಳು ಮೂಲೆಯಲ್ಲಿದ್ದ ಹಳೆಯದೊಂದನ್ನು ಹುಡುಕಿ ಕೊಟ್ಟಳು. ಅವನು ಅದನ್ನು ಪಕ್ಕದ ಗೋಡೆಗೆ ತಾಗಿಸಿ ಕೂರಿಸಿದ.

ಎಂಟನೇ ದಿನ ನರ್ಸ್ ಬಾಗಿಲಲ್ಲಿ ನಿಂತಿದ್ದಳು. ಮೊಬೈಲಿನಲ್ಲಿ ಬರೆದು ತೋರಿಸಿದಳು: ಅಂಕಲ್, ಸೌಂಡ್ ಜಾಸ್ತಿ, ಹಗಲು ನಿದ್ದೆ ಆಗ್ತಿಲ್ಲ.

"ಆಯ್ತಮ್ಮ, ಈಗಲೇ ತೆಗೀತೀನಿ" ಎಂದು ಅವನು ಸದ್ದಿಲ್ಲದ ಪಂಪನ್ನೇ ಮತ್ತೆ ಹಾಕಿದ. ಅವಳ ಹೆಸರು ಕೇಳೋಣವೆಂದು ಹೊರಬಂದರೆ ಪಕ್ಕದ ಬಾಗಿಲು ಆಗಲೇ ಮುಚ್ಚಿತ್ತು.